ಆಕಾಶಕ್ಕೂ ಒಂದು ಸುಂಕದ ಕಟ್ಟೆ

ಪುಣೆಯಿಂದ ನಾಸಿಕಕ್ಕೆ ಹೊರಟ ಎಸ್.ಟಿ. ಬಸ್ಸು ಭೋಸರಿ, ಚಾಕಣಗಳ ಕಾರ್ಖಾನೆ ಗದ್ದಲ ಕಳೆದು, ಕ್ರಾಂತಿಕಾರಿ ರಾಜಗುರು ಹುಟ್ಟಿದ ರಾಜಗುರುನಗರವನ್ನು ದಾಟಿತೆಂದರೆ ದಾರಿಯ ಚಹರೆಯೇ ಬದಲಾಗುತ್ತದೆ. ಎಡಕ್ಕೆ ದೂರದಲ್ಲಿ ಸಹ್ಯಾದ್ರಿಯ ನೀಲಿ ಅಂಚು. ಎರಡೂ ಬದಿಗೆ ಈರುಳ್ಳಿ, ಆಲೂಗಡ್ಡೆಯ ಹೊಲಗಳು. ನಾರಾಯಣಗಾಂವ ಬರುವ ಹೊತ್ತಿಗೆ ದ್ರಾಕ್ಷಿಯ ಚಪ್ಪರಗಳು ಕಾಣಿಸಿಕೊಳ್ಳುತ್ತವೆ. ಮಾರುಕಟ್ಟೆಯ ಬಳಿ ಟೊಮೆಟೊ ತುಂಬಿದ ಕ್ರೇಟುಗಳು ಗೋಡೆ ಕಟ್ಟಿದಂತೆ ನಿಂತಿರುತ್ತವೆ. ಮರಾಠಿ ತಮಾಷಾ ಮೇಳಗಳಿಗೆ ಈ ಊರೇ ತವರು. ಯುಗಾದಿಯ ಆಸುಪಾಸಿನಲ್ಲಿ ಸುತ್ತಲಿನ ಹಳ್ಳಿಗಳವರು ತಮ್ಮೂರ ಜಾತ್ರೆಗೆ ಮೇಳ ಗೊತ್ತುಮಾಡಲು ಇಲ್ಲಿಗೇ ಬರುತ್ತಾರೆ.

ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿ ಇಳಿಯುವುದು ಜುನ್ನರ್‌ಗೆ ಹೋಗಲು. 1630ರಲ್ಲಿ ಶಿವಾಜಿ ಹುಟ್ಟಿದ ಶಿವನೇರಿ ಕೋಟೆ, ಲೇಣ್ಯಾದ್ರಿಯ ಬೌದ್ಧ ಗುಹೆಗಳು, ಅಲ್ಲಿಯ ಗಣಪತಿ, ಇವಿಷ್ಟನ್ನು ನೋಡಿ ಸಂಜೆಯ ಬಸ್ಸಿಗೆ ಮರಳುವವರೇ ಹೆಚ್ಚು. ಆದರೆ ಈ ಒಂದೇ ತಾಲ್ಲೂಕಿನಲ್ಲಿ ಇನ್ನೂ ಮೂರು ತಾಣಗಳಿವೆ. ಒಂದು ಎರಡು ಸಾವಿರ ವರ್ಷ ಹಳೆಯ ಕಣಿವೆ. ಇನ್ನೊಂದು ಭಾರತ ಮೊದಲ ಬಾರಿಗೆ ಉಪಗ್ರಹದ ಮೂಲಕ ಹೊರದೇಶಗಳೊಡನೆ ವ್ಯಾಪಾರದ ಮಟ್ಟದಲ್ಲಿ ಮಾತಾಡಲು ಕಟ್ಟಿದ ಕೇಂದ್ರ. ಮೂರನೆಯದು ಮಾತನ್ನೇ ಆಡದೆ, ಆಕಾಶದ ಪಿಸುಮಾತಿಗೆ ಕಿವಿಗೊಟ್ಟು ಕೂತಿರುವ ದೂರದರ್ಶಕ. ಮೂರನ್ನೂ ಒಂದೇ ಗುಕ್ಕಿನಲ್ಲಿ ನೋಡಿದವರಿಗೆ ಇಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ: ಆಕಾಶದಲ್ಲಿ ಹಾದುಹೋಗುವ ಮಾತಿಗೆ ಬಾಗಿಲು ಎಲ್ಲಿ? ಅದರ ಬೀಗದ ಕೈ ಯಾರ ಬಳಿ ಇರಬೇಕು?

ಕಲ್ಲಿನ ಹಂಡೆ

ಮೊದಲು ಕಣಿವೆ. ಜುನ್ನರ್‌ನಿಂದ ಪಶ್ಚಿಮಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ಹೋದರೆ ದಖನ್ ಪ್ರಸ್ಥಭೂಮಿ ಥಟ್ಟನೆ ಮುಗಿಯುತ್ತದೆ. ಮುಂದೆ ಪ್ರಪಾತ, ಕೆಳಗೆ ಕೊಂಕಣ. ಆ ಅಂಚನ್ನು ಸೀಳಿಕೊಂಡು ಇಳಿಯುವ ಕಲ್ಲಿನ ಇಕ್ಕಟ್ಟಾದ ದಾರಿಯೇ ನಾಣೇಘಾಟ್. ಮರಾಠಿಯ 'ನಾಣೆ' ಮತ್ತು ಕನ್ನಡದ 'ನಾಣ್ಯ' ಒಂದೇ ಮನೆಯ ಮಾತುಗಳು. ಕಲ್ಯಾಣ, ಸೋಪಾರಗಳ ಬಂದರುಗಳಿಂದ ಮೇಲೇರಿ ಬರುತ್ತಿದ್ದ ವ್ಯಾಪಾರಿಗಳು ಶಾತವಾಹನರ ನಾಡಿಗೆ ಕಾಲಿಡುತ್ತಿದ್ದ ಬಾಗಿಲು ಇದು.

ಕಣಿವೆಯ ತಲೆಯಲ್ಲಿ ಒಂದು ದೊಡ್ಡ ಕಲ್ಲಿನ ಹಂಡೆ ಇದೆ. ದಾರಿಹೋಕ ವ್ಯಾಪಾರಿಗಳು ಸುಂಕದ ನಾಣ್ಯಗಳನ್ನು ಇದರಲ್ಲೇ ಹಾಕುತ್ತಿದ್ದರೆಂದು ಊರವರು ಹೇಳುತ್ತಾರೆ. ಹತ್ತಿರದ ಗುಹೆಯ ಗೋಡೆಯ ಮೇಲೆ ಶಾತವಾಹನರ ರಾಣಿ ನಾಗನಿಕಾ ಬರೆಸಿದ ಬ್ರಾಹ್ಮಿ ಲಿಪಿಯ ಶಾಸನವಿದೆ. ಯಜ್ಞಗಳು, ಅವುಗಳಿಗೆ ಕೊಟ್ಟ ದಕ್ಷಿಣೆಯ ಲೆಕ್ಕ ಅದರಲ್ಲಿದೆ. ಆ ಲೆಕ್ಕಕ್ಕೆ ಬಳಸಿದ ಅಂಕಿಗಳು ನಮ್ಮ ಇಂದಿನ ಅಂಕಿಗಳ ಪೂರ್ವಜರಲ್ಲಿ ಸೇರುವುದರಿಂದ ಗಣಿತದ ಚರಿತ್ರೆ ಬರೆಯುವವರೆಲ್ಲ ಈ ಗುಹೆಯನ್ನು ನೆನೆಯುತ್ತಾರೆ. ಅದೇ ರಾಜವಂಶದ ನೆನಪು ಕಲಬುರಗಿ ಜಿಲ್ಲೆಯ ಸನ್ನತಿಯ ಸ್ತೂಪದ ಕಲ್ಲುಗಳಲ್ಲೂ ಉಳಿದಿರುವುದನ್ನು ಕನ್ನಡಿಗರು ಬಲ್ಲರು.

ಹಂಡೆಯನ್ನು ಕಂಡವರಿಗೆ ಒಂದು ಸಂಗತಿ ಹೊಳೆಯದಿರದು. ರಾಜನು ಸಾಗರವನ್ನೆಲ್ಲ ಕಾಯಲಿಲ್ಲ, ಬೆಟ್ಟದ ಸಾಲನ್ನೆಲ್ಲ ಕಾಯಲಿಲ್ಲ. ಎಲ್ಲರೂ ಹಾದುಹೋಗಲೇಬೇಕಾದ ಒಂದು ಇಕ್ಕಟ್ಟನ್ನು ಹುಡುಕಿ ಅಲ್ಲಿ ಕಾವಲು ಹಾಕಿದ. ಸುಂಕ ಬಂತು, ಯಾರು ಬಂದರು, ಏನು ತಂದರು ಎಂಬುದೂ ತಿಳಿಯಿತು. ಇಂದಿನ ಸರ್ಕಾರಗಳು ಉಪಗ್ರಹ ಸಂಪರ್ಕಕ್ಕೆ ಪರವಾನಗಿ ಕೊಡುವಾಗ ಮಾಡುವುದೂ ಇದನ್ನೇ. ಆಕಾಶವನ್ನು ಬೇಲಿ ಹಾಕಿ ಕಾಯಲಾಗದು. ಆಕಾಶದಿಂದ ಮಾತು ನೆಲಕ್ಕಿಳಿಯುವ ಜಾಗವನ್ನು ಕಾಯಬಹುದು.

ಆರ್ವಿಯ ಬೋಗುಣಿ

ಆ ಜಾಗ ಹೇಗಿರುತ್ತದೆಂದು ತಿಳಿಯಲು ನಾರಾಯಣಗಾಂವದ ಸಮೀಪದ ಆರ್ವಿಗೆ ಬರಬೇಕು.

ಪುಣೆಗೂ ನಿಸ್ತಂತುವಿಗೂ ಹಳೆಯ ನಂಟು. 1927ರಲ್ಲಿ ಬ್ರಿಟನ್ನಿನೊಡನೆ ರೇಡಿಯೋ ತಂತಿ ಸಂಪರ್ಕ ಶುರುವಾದಾಗ ಸಂದೇಶ ಕಳುಹಿಸುವ ಕೇಂದ್ರ ಪುಣೆಯ ಖಡಕಿಯಲ್ಲಿತ್ತು, ಬಂದ ಸಂದೇಶ ಹಿಡಿಯುವ ಕೇಂದ್ರ ದೌಂಡಿನಲ್ಲಿತ್ತು. ಮುಂದಿನ ನಾಲ್ಕು ದಶಕ ಹೊರದೇಶಕ್ಕೆ ಟೆಲಿಫೋನ್ ಮಾಡುವುದೆಂದರೆ ಕಾಯುವುದು, ಕೂಗುವುದು, ಅರ್ಧ ಕೇಳಿಸಿಕೊಳ್ಳುವುದು. ರೇಡಿಯೋ ಅಲೆಗಳು ವಾತಾವರಣದ ಮೇಲ್ಪದರಕ್ಕೆ ತಾಗಿ ಮರಳಬೇಕಿತ್ತು. ಆ ಪದರ ಗಳಿಗೆಗೊಂದು ಬಣ್ಣ ತಾಳುತ್ತಿತ್ತು.

ಈ ಪಾಡನ್ನು ಬದಲಿಸಿದ್ದು ಆರ್ವಿ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಹಿಂದೂ ಮಹಾಸಾಗರದ ನೆತ್ತಿಯ ಮೇಲೆ ನಿಂತಂತೆ ಕಾಣುವ ಇಂಟೆಲ್‌ಸ್ಯಾಟ್ ಉಪಗ್ರಹದತ್ತ ಮುಖಮಾಡಿ ಇಲ್ಲಿ ಒಂದು ಭಾರಿ ಆಂಟೆನಾ ಎದ್ದಿತು. ಅದರ ಬೋಗುಣಿಯ ಅಡ್ಡಗಲ 29.7 ಮೀಟರ್, ಅಂದರೆ 97 ಅಡಿ. ಯೋಜನೆಯ ಹಿಂದಿದ್ದವರು ವಿಕ್ರಂ ಸಾರಾಭಾಯಿ. ಹೊರಗಿನವರಿಗೆ ಇಡೀ ಗುತ್ತಿಗೆ ಕೊಡುವ ಬದಲು ಭಾರತದ ಎಂಜಿನಿಯರುಗಳೇ ಮುಂದೆ ನಿಂತು ಕಟ್ಟಬೇಕೆಂಬುದು ಅವರ ಹಟ. ಕೇಂದ್ರ ಸಿದ್ಧವಾದದ್ದು 1971ರಲ್ಲಿ. ಆ ವರ್ಷದ ಡಿಸೆಂಬರ್ 30ರಂದು ಸಾರಾಭಾಯಿ ತೀರಿಕೊಂಡರು. 1972ರ ಫೆಬ್ರವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕೇಂದ್ರವನ್ನು ದೇಶಕ್ಕೆ ಅರ್ಪಿಸಿದಾಗ ಅದಕ್ಕೆ 'ವಿಕ್ರಂ ಭೂಕೇಂದ್ರ' ಎಂಬ ಹೆಸರು ಬಂತು.

ಆಗ ಭದ್ರತೆಯ ಪ್ರಶ್ನೆಯೇ ಇರಲಿಲ್ಲವೇ? ಇತ್ತು, ಆದರೆ ಉತ್ತರ ಸರಳವಾಗಿತ್ತು. ಬಾಗಿಲು ಒಂದೇ, ಬಾಗಿಲ ಯಜಮಾನ ಸರ್ಕಾರವೇ. ಕೇಂದ್ರವನ್ನು ನಡೆಸುತ್ತಿದ್ದುದು ಸರ್ಕಾರದ ಸಾಗರೋತ್ತರ ಸಂಪರ್ಕ ಸೇವೆ. 1986ರಲ್ಲಿ ಅದು ವಿದೇಶ ಸಂಚಾರ ನಿಗಮವಾಯಿತು. ಕಾನೂನಿನ ಬಲಕ್ಕೆ 1885ರ ಭಾರತೀಯ ತಂತಿ ಕಾಯ್ದೆ ಇತ್ತು. ತಂತಿ ಎಳೆಯುವ, ನಡೆಸುವ ಹಕ್ಕು ಸರ್ಕಾರಕ್ಕೆ ಮಾತ್ರ. ಬೇರೆಯವರು ಮಾಡಬೇಕಾದರೆ ಲೈಸೆನ್ಸ್ ಬೇಕು. ಸಾರ್ವಜನಿಕ ಸುರಕ್ಷೆಗೆ ಧಕ್ಕೆ ಬಂದಾಗ ಸಂದೇಶವನ್ನು ತಡೆಯಬಹುದು, ಓದಬಹುದು ಎಂದು ಅದು ಹೇಳುತ್ತಿತ್ತು. 1933ರ ನಿಸ್ತಂತು ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧವೆಂದಿತು. ಪರಕೀಯರು ತಮ್ಮ ಅನುಕೂಲಕ್ಕೆ ಬರೆದ ಈ ಎರಡು ಕಾಯ್ದೆಗಳನ್ನು ಸ್ವತಂತ್ರ ಭಾರತವೂ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಾಗೆಯೇ ಹೊತ್ತು ನಡೆಯಿತು.

ಮಾತು ಇಳಿಯುವುದು ಎಲ್ಲಿ?

ಬಾಗಿಲು ಒಂದೇ ಎಂಬ ನೆಮ್ಮದಿ 1990ರ ದಶಕದ ಕೊನೆಗೆ ಕದಡಿತು. ಅದರ ಗುರುತೂ ಇದೇ ಹೆದ್ದಾರಿಯ ಮೇಲಿದೆ. ಪುಣೆಯಿಂದ ಹೊರಟವರು ಭೋಸರಿಗೆ ಮುನ್ನ ಬಲಕ್ಕೆ ಕಾಣುವ ದಿಘಿಯಲ್ಲಿ ಇರಿಡಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಭಾರತದ ದ್ವಾರಕೇಂದ್ರ, ಅಂದರೆ 'ಗೇಟ್‌ವೇ', ತಲೆಯೆತ್ತಿತ್ತು. 1998ರ ನವೆಂಬರಿನಲ್ಲಿ ಸೇವೆ ಆರಂಭಿಸಿದ ಈ ಜಾಲದ ಉಪಗ್ರಹಗಳು 66. ಅವು ಆರ್ವಿಯ ಉಪಗ್ರಹದಂತೆ ದೂರದಲ್ಲಿ ನಿಂತವಲ್ಲ, 780 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಲೇ ಇರುವಂಥವು. ಹತ್ತಿರವಿದ್ದುದರಿಂದ 97 ಅಡಿಯ ಬೋಗುಣಿ ಬೇಕಿರಲಿಲ್ಲ, ಅಂಗೈಯಲ್ಲಿ ಹಿಡಿಯುವ ಫೋನು ಸಾಕಿತ್ತು. ಜನ ಕೊಳ್ಳದ ಬೆಲೆ, ಹೊರಲಾರದ ಸಾಲ ಸೇರಿ 1999ರ ಆಗಸ್ಟಿನಲ್ಲಿ ಸಂಸ್ಥೆ ದಿವಾಳಿ ಎದ್ದಿತು. ಮುಂದೆ ಬೇರೆ ಮಾಲೀಕರ ಕೈಯಲ್ಲಿ ಜಾಲ ಮತ್ತೆ ಜೀವ ಪಡೆಯಿತು. ಆದರೆ ಅದು ಎತ್ತಿದ ಪ್ರಶ್ನೆ ದಿವಾಳಿ ಏಳಲಿಲ್ಲ.

ಪ್ರಶ್ನೆ ಇಷ್ಟೇ. ಸಾಮಾನ್ಯ ಮೊಬೈಲ್ ಕರೆ ಹತ್ತಿರದ ಗೋಪುರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ನೆಲದ ಮೇಲಿನ ವ್ಯವಹಾರ. ಗೋಪುರ ದೇಶದೊಳಗಿದೆ, ಕಂಪನಿ ದೇಶದ ಕಾನೂನಿಗೆ ಒಳಪಟ್ಟಿದೆ. ಉಪಗ್ರಹ ಫೋನಿನ ಕರೆ ನೇರ ಆಕಾಶಕ್ಕೆ ಏರುತ್ತದೆ. ಅದು ಇಳಿಯುವುದು ಆ ಕಂಪನಿಯ ದ್ವಾರಕೇಂದ್ರ ಇರುವಲ್ಲಿ. ಕೇಂದ್ರ ಭಾರತದಲ್ಲಿದ್ದರೆ ಭಾರತದ ನ್ಯಾಯಾಲಯದ, ಪೊಲೀಸರ ಆದೇಶ ಅಲ್ಲಿ ನಡೆಯುತ್ತದೆ. ಕೇಂದ್ರ ಕೊಲ್ಲಿ ದೇಶದಲ್ಲೋ ಅಮೆರಿಕದಲ್ಲೋ ಇದ್ದರೆ? ಮಾತಾಡುವವನು ಜುನ್ನರ್‌ನ ಬೆಟ್ಟದಲ್ಲಿ ನಿಂತಿರಬಹುದು, ಕೇಳುವವನು ಮುಂಬಯಿಯಲ್ಲಿರಬಹುದು. ಆದರೂ ಅವರ ಮಾತು ಈ ದೇಶದ ಯಾವ ಬಾಗಿಲನ್ನೂ ಹಾದಿರುವುದಿಲ್ಲ. ಇರಿಡಿಯಂನಂಥ ಜಾಲಗಳಲ್ಲಿ ಒಂದು ಉಪಗ್ರಹ ಇನ್ನೊಂದಕ್ಕೆ ಆಕಾಶದಲ್ಲೇ ಸಂದೇಶ ದಾಟಿಸಬಲ್ಲದಾದ್ದರಿಂದ ದೂರದ ಮಾತೇ ಬೇಡ. ನಾಣೇಘಾಟಿನ ಹಂಡೆಯ ಮೇಲೆ ಹಕ್ಕಿ ಹಾರಿಹೋದಂತೆ.

ಈ ಆತಂಕ ಕೇವಲ ಕಡತದ ಮಾತಾಗಿ ಉಳಿಯಲಿಲ್ಲ. 2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ಭಯೋತ್ಪಾದಕರು ಸಮುದ್ರದ ಮೂಲಕ ಮುಂಬಯಿಗೆ ಬಂದಿಳಿದರು. 166 ಜನ ಸತ್ತರು. ದಾರಿಯಲ್ಲಿ ಅವರು ವಶಪಡಿಸಿಕೊಂಡಿದ್ದ 'ಕುಬೇರ್' ಎಂಬ ಗುಜರಾತಿನ ಮೀನುಗಾರಿಕೆ ದೋಣಿ ಆಮೇಲೆ ಸಿಕ್ಕಿತು. ಅದರೊಳಗಿದ್ದ ವಸ್ತುಗಳಲ್ಲಿ ಒಂದು ತುರಾಯಾ ಕಂಪನಿಯ ಉಪಗ್ರಹ ಫೋನು. ತುರಾಯಾ ಸಂಯುಕ್ತ ಅರಬ್ ಸಂಸ್ಥಾನದ ಸಂಸ್ಥೆ. ಅದಕ್ಕೆ ಭಾರತದಲ್ಲಿ ಬಾಗಿಲೇ ಇರಲಿಲ್ಲ.

ಅಲ್ಲಿಂದ ನಿಯಮಗಳು ಬಿಗಿಯಾದವು. ಭಾರತದ ಜಲಸೀಮೆಯಲ್ಲಿ ತುರಾಯಾ, ಇರಿಡಿಯಂ ಫೋನುಗಳನ್ನು ಬಳಸಕೂಡದೆಂದು ನೌಕಾಯಾನ ಇಲಾಖೆ 2012ರಲ್ಲಿ ಹಡಗುಗಳಿಗೆ ಆದೇಶ ಹೊರಡಿಸಿತು. ಅನುಮತಿ ಪಡೆದು ಬಳಸಬಹುದಾಗಿದ್ದುದು ಇನ್‌ಮಾರ್‌ಸ್ಯಾಟ್ ಸೇವೆಯನ್ನು. ಅದರ ಭೂಕೇಂದ್ರ ಭಾರತದ ನೆಲದಲ್ಲೇ ಇದ್ದದ್ದು ಅದಕ್ಕೆ ಕಾರಣ. ಮೊದಲು ಆ ಕೇಂದ್ರವಿದ್ದುದು ಬೇರೆಲ್ಲೂ ಅಲ್ಲ, ಆರ್ವಿಯಲ್ಲೇ. 2017ರ ಮೇ ತಿಂಗಳಲ್ಲಿ ಬಿ.ಎಸ್.ಎನ್.ಎಲ್. ಗಾಜಿಯಾಬಾದಿನ ದ್ವಾರಕೇಂದ್ರದಿಂದ ತನ್ನ ಸೇವೆ ಆರಂಭಿಸಿತು.

ಷರತ್ತುಗಳ ಪಟ್ಟಿ

ಈಗಿನ ಸ್ಪರ್ಧೆ ಫೋನಿನದಲ್ಲ, ಇಂಟರ್‌ನೆಟ್ಟಿನದು. ಮನೆಯ ಮಾಳಿಗೆಯ ಮೇಲೆ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ಹಲಗೆ ಇಟ್ಟರೆ 550 ಕಿ.ಮೀ. ಎತ್ತರದ ಸಾವಿರಾರು ಉಪಗ್ರಹಗಳಿಂದ ಇಂಟರ್‌ನೆಟ್ ಇಳಿದುಬರುತ್ತದೆ. ಸ್ಟಾರ್‌ಲಿಂಕ್ ಕಂಪನಿ 2021ರಲ್ಲಿ ಪರವಾನಗಿ ಪಡೆಯುವ ಮೊದಲೇ ಭಾರತೀಯರಿಂದ ಮುಂಗಡ ಪಡೆಯತೊಡಗಿತು. ಚಂದಾದಾರರಾಗಬೇಡಿರೆಂದು ಸರ್ಕಾರ ಆ ನವೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಕಂಪನಿ ಹಣ ಹಿಂದಿರುಗಿಸಬೇಕಾಯಿತು. 2024ರ ನವೆಂಬರಿನಲ್ಲಿ ಅಂಡಮಾನಿನ ಬಳಿ ಕರಾವಳಿ ರಕ್ಷಣಾ ಪಡೆ ಆರು ಸಾವಿರ ಕಿಲೋದಷ್ಟು ಮಾದಕವಸ್ತು ಹೊತ್ತ ಮ್ಯಾನ್ಮಾರಿನ ದೋಣಿಯನ್ನು ಹಿಡಿದಾಗ ಅದರಲ್ಲೂ ಇಂಥದೇ ಉಪಕರಣ ಸಿಕ್ಕಿತು.

ಈ ನಡುವೆ ಕಾನೂನೂ ಬದಲಾಗಿದೆ. 2023ರ ದೂರಸಂಪರ್ಕ ಕಾಯ್ದೆ 1885 ಮತ್ತು 1933ರ ಕಾಯ್ದೆಗಳ ಜಾಗಕ್ಕೆ ಬಂದಿದ್ದು, ಅದರ ಹಲವು ಕಲಮುಗಳು 2024ರ ಜೂನ್‌ನಿಂದ ಜಾರಿಗೆ ಬಂದವು. ಅನುಮತಿ ಇಲ್ಲದೆ ದೂರಸಂಪರ್ಕ ಸೇವೆ ನಡೆಸಿದರೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ದೇಶದ ಭದ್ರತೆಗಾಗಿ ಯಾವುದೇ ಜಾಲವನ್ನು ಸರ್ಕಾರ ತಾತ್ಕಾಲಿಕವಾಗಿ ತನ್ನ ಕೈಗೆ ತೆಗೆದುಕೊಳ್ಳಬಹುದು, ಸ್ಥಗಿತಗೊಳಿಸಬಹುದು.

2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಉಪಗ್ರಹ ಸೇವೆಗಳಿಗೆಂದೇ ಹೆಚ್ಚಿನ ಭದ್ರತಾ ಷರತ್ತುಗಳನ್ನು ಪ್ರಕಟಿಸಿತು. ಪಟ್ಟಿ ಉದ್ದ, ತಿರುಳು ಮಾತ್ರ ನಾಣೇಘಾಟಿನದೇ. ಭಾರತದ ಬಳಕೆದಾರನ ಮಾತು, ಮಾಹಿತಿ ಎಲ್ಲವೂ ಭಾರತದೊಳಗಿನ ದ್ವಾರಕೇಂದ್ರದ ಮೂಲಕವೇ ಹಾಯಬೇಕು. ಆಕಾಶದಲ್ಲೇ ಉಪಗ್ರಹದಿಂದ ಉಪಗ್ರಹಕ್ಕೆ ದಾಟಿ ಹೊರದೇಶದಲ್ಲಿ ಇಳಿಯುವಂತಿಲ್ಲ. ಪ್ರತಿ ದ್ವಾರಕೇಂದ್ರದ ಜಾಗಕ್ಕೂ ಭದ್ರತಾ ಒಪ್ಪಿಗೆ ಬೇಕು. ಕಾನೂನುಬದ್ಧವಾಗಿ ಕದ್ದಾಲಿಸುವ ವ್ಯವಸ್ಥೆ ಕೆಲಸ ಮಾಡುತ್ತದೆಂದು ತೋರಿಸಿದ ಮೇಲಷ್ಟೇ ಸೇವೆ ಆರಂಭ. ಭಾರತದ ಮಾಹಿತಿಯನ್ನು ಹೊರಗೆ ನಕಲು ಮಾಡಿ ಇಡುವಂತಿಲ್ಲ. ಬಳಕೆದಾರನ ಉಪಕರಣ ಎಲ್ಲಿದೆಯೆಂಬುದನ್ನು ಅಕ್ಷಾಂಶ, ರೇಖಾಂಶ ಸಮೇತ ಕೇಳಿದಾಗ ಹೇಳಬೇಕು. ಯುದ್ಧದಂಥ ಸಂದರ್ಭದಲ್ಲಿ ನಿರ್ದಿಷ್ಟ ಪ್ರದೇಶಕ್ಕೆ ಸೇವೆ ನಿಲ್ಲಿಸಲು ಸಾಧ್ಯವಿರಬೇಕು. ನೆಲದ ಗಡಿಯಿಂದ ಒಳಕ್ಕೆ 50 ಕಿ.ಮೀ. ಪಟ್ಟಿಯೂ, ಕರಾವಳಿಯಿಂದ 200 ನಾಟಿಕಲ್ ಮೈಲಿವರೆಗಿನ ಕಡಲೂ ವಿಶೇಷ ನಿಗಾ ವಲಯಗಳು.

ಇನ್ನೆರಡು ಷರತ್ತುಗಳಲ್ಲಿ ಕಾವಲಿನ ಜೊತೆಗೆ ಸ್ವಾವಲಂಬನೆಯ ಆಸೆಯೂ ಕಾಣುತ್ತದೆ. ಸೇವೆ ಆರಂಭವಾದ ಐದು ವರ್ಷದೊಳಗೆ ನೆಲದ ಮೇಲಿನ ಉಪಕರಣಗಳಲ್ಲಿ ಕನಿಷ್ಠ ಶೇ. 20ರಷ್ಟು ದೇಶೀಯವಾಗಿರಬೇಕು. ಸ್ಥಳ ಗುರುತಿಸಲು ಅಮೆರಿಕದ ಜಿ.ಪಿ.ಎಸ್. ಒಂದನ್ನೇ ನಂಬದೆ ಭಾರತದ 'ನಾವಿಕ್' ವ್ಯವಸ್ಥೆಗೆ 2029ರ ವೇಳೆಗೆ ಹೊಂದಿಕೊಳ್ಳಬೇಕು. ನಾವಿಕ್‌ನ ಸಂಚಾರ ಕೇಂದ್ರ 2013ರಲ್ಲಿ ಆರಂಭವಾದದ್ದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ. ಸಾರಾಭಾಯಿ ಆರ್ವಿಯಲ್ಲಿ ಹಿಡಿದ ಹಟವೇ ಇಲ್ಲಿ ನಿಯಮದ ಭಾಷೆಯಲ್ಲಿ ಬಂದಂತಿದೆ. ಷರತ್ತುಗಳು ಹೊರಬಿದ್ದ ಮರು ತಿಂಗಳು, 2025ರ ಜೂನ್‌ನಲ್ಲಿ, ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕಿತು. ಒನ್‌ವೆಬ್ ಮತ್ತು ಜಿಯೋ ಸಂಸ್ಥೆಗಳು ಅದಕ್ಕಿಂತ ಮೊದಲೇ ಪಡೆದಿದ್ದವು.

ಕಾವಲುಗಾರನಿಗೂ ಕಟ್ಟಳೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಕಟ್ಟೆಯ ಮೇಲೆ ಕೂತವನಿಗೆ ಎಲ್ಲರೂ ಒಂದೇ. ಕಳ್ಳಸಾಗಣೆಯವನನ್ನು ಹಿಡಿಯಲು ಕಟ್ಟಿದ ಬೇಲಿಗೆ ಅಮಾಯಕರೂ ಸಿಕ್ಕಿಬೀಳುತ್ತಾರೆ. ಹಿಮಾಲಯದ ಚಾರಣಕ್ಕೆಂದು ಬಂದ ವಿದೇಶಿಯರು ತಮ್ಮ ದೇಶದಲ್ಲಿ ಅಂಗಡಿಯಲ್ಲಿ ಸಿಗುವ ಉಪಗ್ರಹ ಸಂದೇಶದ ಸಾಧನವನ್ನು ಚೀಲದಲ್ಲಿಟ್ಟುಕೊಂಡು ಬಂದು, ಭಾರತದ ವಿಮಾನ ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕ ಪ್ರಸಂಗಗಳು ಹಲವು. ಅವರ ಪಾಲಿಗೆ ಅದು ಕಾಲು ಮುರಿದರೆ ಸಹಾಯ ಕೇಳುವ ಗಂಟೆ. ಇಲ್ಲಿನ ಕಾನೂನಿಗೆ ಅದು ಪರವಾನಗಿ ಇಲ್ಲದ ನಿಸ್ತಂತು.

ಕನ್ನಡ ಕರಾವಳಿಗೂ ಈ ಇಬ್ಬಂದಿ ಗೊತ್ತು. 2021ರಲ್ಲಿ ಕರಾವಳಿ ಜಿಲ್ಲೆಗಳಲ್ಲಿ ಉಪಗ್ರಹ ಫೋನಿನ ಸುಳಿವು ಸಿಕ್ಕ ಸಂಗತಿ ರಾಜ್ಯ ವಿಧಾನಸಭೆಯವರೆಗೂ ಹೋಗಿತ್ತು. ಅದೇ ಕರಾವಳಿಯಿಂದ, ಮಲ್ಪೆಯಿಂದ, 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರನ್ನು ಹೊತ್ತು ಹೊರಟ 'ಸುವರ್ಣ ತ್ರಿಭುಜ' ಮರಳಿ ಬರಲಿಲ್ಲ. ದೋಣಿಯ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ದಡದಿಂದ ಕೆಲವೇ ಮೈಲಿ ದಾಟಿದರೆ ಮೊಬೈಲ್ ಮೂಕವಾಗುವ ಕಡಲಲ್ಲಿ ಬದುಕು ನಡೆಸುವವನಿಗೆ ಉಪಗ್ರಹದ ನಂಟು ಐಷಾರಾಮವಲ್ಲ. ಮೀನುಗಾರನಿಗೆ ಫೋನು ಕೊಟ್ಟರೆ ಅದು ಯಾರ ಕೈಗೆ ಹೋಗುವುದೋ ಎಂಬ ಭಯ ಒಂದು ಕಡೆ. ಕೊಡದಿದ್ದರೆ ಮುಳುಗುವವನ ಕೂಗು ಯಾರಿಗೆ ಕೇಳಿಸೀತು ಎಂಬ ನೋವು ಇನ್ನೊಂದು ಕಡೆ. ನಡುವಿನ ದಾರಿಯಾಗಿ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಬಂದಿದೆ. ಭಾರತದ ಉಪಗ್ರಹದ ಮೂಲಕ ದೋಣಿಯಿಂದ ದಡಕ್ಕೆ, ದಡದಿಂದ ದೋಣಿಗೆ ಕಿರು ಸಂದೇಶ ಕಳುಹಿಸುವ ಈ ಸಾಧನವನ್ನು ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಪಾಲ್ಘರ್‌ನಲ್ಲಿ ಚಾಲನೆ ದೊರೆಯಿತು.

ಇನ್ನು, ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುವವನಿಗೆ ಲಗಾಮು ಯಾರು ಹಾಕಬೇಕು? ಟೆಲಿಫೋನ್ ಕದ್ದಾಲಿಕೆ ಕುರಿತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಒಂದು ಗೆರೆ ಎಳೆಯಿತು: ಇಂಥ ಆದೇಶ ಗೃಹ ಕಾರ್ಯದರ್ಶಿಯ ಮಟ್ಟದಿಂದ ಬರಬೇಕು, ಅದನ್ನು ಸಮಿತಿಯೊಂದು ಮರುಪರಿಶೀಲಿಸಬೇಕು. 2024ರ ಡಿಸೆಂಬರಿನ ಹೊಸ ನಿಯಮಗಳಲ್ಲೂ ಆದೇಶದ ಆಯುಸ್ಸು ಒಮ್ಮೆಗೆ 60 ದಿನ. ಎಷ್ಟೇ ವಿಸ್ತರಿಸಿದರೂ 180 ದಿನ ಮೀರಕೂಡದು. ಖಾಸಗಿತನ ಮೂಲಭೂತ ಹಕ್ಕೆಂದು ಅದೇ ನ್ಯಾಯಾಲಯ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಟ್ಟೆ ಇರಬೇಕು, ಕಟ್ಟೆಯವನಿಗೂ ಕಟ್ಟಳೆ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ದಾರಿಹೋಕನಿಗೆ ಕಷ್ಟ.

ಖೋಡದದ ಮೌನ

ನಾರಾಯಣಗಾಂವದಿಂದ ಪೂರ್ವಕ್ಕೆ ಖೋಡದದ ದಾರಿ ಹಿಡಿದರೆ ಹೊಲಗಳ ನಡುವೆ ಇದ್ದಕ್ಕಿದ್ದಂತೆ ದೈತ್ಯ ಛತ್ರಿಗಳು ಕಾಣಿಸುತ್ತವೆ. ಇದು ಜೈಂಟ್ ಮೀಟರ್‌ವೇವ್ ರೇಡಿಯೋ ದೂರದರ್ಶಕ, ಚಿಕ್ಕದಾಗಿ ಜಿ.ಎಂ.ಆರ್.ಟಿ. ಒಟ್ಟು 30 ಆಂಟೆನಾಗಳು, ಪ್ರತಿಯೊಂದರ ಅಡ್ಡಗಲ 45 ಮೀಟರ್. ಹದಿನಾಲ್ಕು ಒಂದೆಡೆ ಗುಂಪಾಗಿವೆ. ಉಳಿದ ಹದಿನಾರು ಇಂಗ್ಲಿಷಿನ 'ವೈ' ಅಕ್ಷರದ ಮೂರು ತೋಳುಗಳಂತೆ ಸುಮಾರು 25 ಕಿ.ಮೀ. ಹರಹಿನಲ್ಲಿ ಹಳ್ಳಿಗಳ ನಡುವೆ ಹರಡಿಕೊಂಡಿವೆ. ಗೋವಿಂದ ಸ್ವರೂಪ್ ಎಂಬ ವಿಜ್ಞಾನಿಯ ಕನಸು ಇದು. ಬೋಗುಣಿಯ ಮೈಗೆ ಲೋಹದ ತಗಡು ಹೊದಿಸದೆ, ತಂತಿಗಳನ್ನು ಎಳೆದು ಬಿಗಿದು ಅದರ ಮೇಲೆ ತೆಳುವಾದ ಬಲೆ ಹಾಸಿದ್ದರಿಂದ ಖರ್ಚು ಎಷ್ಟೋ ಪಾಲು ಇಳಿಯಿತು. ಗಾಳಿ ಬೀಸಿದರೂ ತೂರಿಹೋಗುವಂತಾಯಿತು.

ಆರ್ವಿ ಮಾತಾಡಲು ಹುಟ್ಟಿದ್ದು. ಖೋಡದ ಕೇಳಲು ಮಾತ್ರ. ಕೋಟ್ಯಂತರ ವರ್ಷಗಳ ಹಿಂದೆ ದೂರದ ಗೆಲಾಕ್ಸಿಗಳಿಂದ ಹೊರಟ ರೇಡಿಯೋ ಅಲೆಗಳು ಇಲ್ಲಿಗೆ ಬಂದು ತಾಗುವಾಗ ಎಷ್ಟು ಕ್ಷೀಣವೆಂದರೆ, ಪಕ್ಕದಲ್ಲಿ ನಿಂತವನ ಜೇಬಿನ ಮೊಬೈಲ್ ಅವುಗಳ ಮುಂದೆ ಗುಡುಗು. ಅದಕ್ಕೇ ಒಳಗೆ ಹೋಗುವವರು ಫೋನು ಆರಿಸಿಡಬೇಕು. ಪುಣೆ-ನಾಸಿಕ್ ವೇಗದ ರೈಲುಮಾರ್ಗದ ಯೋಜನೆಯೂ ಈ ಮೌನದ ಎದುರು ನಿಂತು ದಾರಿ ಬದಲಿಸುವ ಮಾತಾಡಬೇಕಾಯಿತು.

ಪರವಾನಗಿ ಎಂಬುದಕ್ಕೆ ಇಲ್ಲಿ ಇನ್ನೊಂದು ಅರ್ಥ ಹೊಳೆಯುತ್ತದೆ. ರೇಡಿಯೋ ತರಂಗಗಳ ದಾರಿ ಎಲ್ಲರಿಗೂ ಸೇರಿದ ಕೆರೆಯಂತೆ. ಯಾರು ಯಾವ ಕಂಪನಾಂಕದಲ್ಲಿ, ಎಷ್ಟು ಬಲದಲ್ಲಿ ಮಾತಾಡಬೇಕೆಂದು ಹಂಚಿಕೊಡುವವರು ಇರದಿದ್ದರೆ ಗಟ್ಟಿ ಗಂಟಲಿನವನದೇ ರಾಜ್ಯ. ಭಾರತದಲ್ಲಿ ಈ ಹಂಚಿಕೆಯ ಲೆಕ್ಕ ಇಡಲು 1952ರಲ್ಲೇ ಪ್ರತ್ಯೇಕ ನಿಸ್ತಂತು ಯೋಜನಾ ವಿಭಾಗ ಹುಟ್ಟಿತು. ಸಾವಿರಾರು ಉಪಗ್ರಹಗಳು ನೆತ್ತಿಯ ಮೇಲೆ ಸಾಲುಗಟ್ಟುವ ಈ ಕಾಲದಲ್ಲಿ ಅವುಗಳ ಗದ್ದಲ ತಮ್ಮ ಕಿವಿಗೆ ಬೀಳದಂತೆ ತಡೆಯಿರೆಂದು ಜಗತ್ತಿನ ಖಗೋಳ ವಿಜ್ಞಾನಿಗಳು ಕೇಳುತ್ತಿದ್ದಾರೆ. ಅವರಿಗೆ ಕಾಯಬೇಕಾಗಿರುವುದು ಗಡಿಯಲ್ಲ, ಮೌನ. ಅದನ್ನು ಕಾಯುವುದಕ್ಕೂ ಬೇಕಾಗಿರುವುದು ಅದೇ ಲೈಸೆನ್ಸಿನ ಕಾಗದ.

ಪ್ರತಿ ವರ್ಷ ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಖೋಡದದಲ್ಲಿ ಜಾತ್ರೆಯೇ ನೆರೆಯುತ್ತದೆ. ಸುತ್ತಲಿನ ಶಾಲೆಗಳ ಮಕ್ಕಳು ತಾವು ಮಾಡಿದ ಮಾದರಿಗಳನ್ನು ಹೊತ್ತು ಬರುತ್ತಾರೆ. ಟೊಮೆಟೊ ಬೆಳೆಯುವ ರೈತರೂ ಮಕ್ಕಳ ಕೈ ಹಿಡಿದು ಬಂದು ಛತ್ರಿಗಳ ಕೆಳಗೆ ತಲೆಯೆತ್ತಿ ನಿಲ್ಲುತ್ತಾರೆ.

ಹೋಗುವವರಿಗೆ

ಹುಬ್ಬಳ್ಳಿ, ಬೆಳಗಾವಿಗಳಿಂದ ಪುಣೆಗೆ ರೈಲೂ ಇದೆ, ಬಸ್ಸೂ ಇದೆ. ಪುಣೆಯಿಂದ ನಾರಾಯಣಗಾಂವ ನಾಸಿಕ್ ರಸ್ತೆಯಲ್ಲಿ ಸುಮಾರು 75 ಕಿ.ಮೀ. ದೂರ. ಜಿ.ಎಂ.ಆರ್.ಟಿ. ನೋಡಲು ಮೊದಲೇ ಬರೆದು ಅನುಮತಿ ಪಡೆಯಬೇಕು. ವಿಜ್ಞಾನ ದಿನಕ್ಕೆ ಹೊಂದಿಸಿಕೊಂಡು ಹೋದರೆ ಮಕ್ಕಳಿಗೆ ಲಾಭ ಹೆಚ್ಚು. ಆರ್ವಿಯ ಕೇಂದ್ರ ಪ್ರವಾಸಿ ತಾಣವಲ್ಲ. ಬೇಲಿಯ ಹೊರಗಿನ ನೋಟಕ್ಕೇ ತೃಪ್ತಿಪಡಬೇಕು. ನಾಣೇಘಾಟಿಗೆ ಜುನ್ನರ್‌ನಿಂದ ವಾಹನ ಮಾಡಿಕೊಳ್ಳುವುದು ಮೇಲು. ಮಳೆಗಾಲದಲ್ಲಿ ಹಸಿರು ಕಣ್ಣು ತುಂಬುತ್ತದೆ. ಕಲ್ಲುಗಳು ಜಾರುತ್ತವೆ, ಮಕ್ಕಳ ಮೇಲೆ ನಿಗಾ ಇರಲಿ. ಚಾರಣದ ಹುಚ್ಚಿನ ಹುಡುಗರು ಹೊರದೇಶದ ನೆಂಟರಿಂದ ಉಪಗ್ರಹ ಫೋನು ತರಿಸಿಕೊಳ್ಳುವ ಮುನ್ನ ಹಿರಿಯರು ಒಮ್ಮೆ ಕಾನೂನು ವಿಚಾರಿಸುವುದು ಒಳ್ಳೆಯದು.

ನಾಣೇಘಾಟಿನ ಹಂಡೆಯಲ್ಲಿ ಈಗ ನಾಣ್ಯಗಳಿಲ್ಲ. ಸುಂಕ ಕೊಟ್ಟವರ, ಪಡೆದವರ ಹೆಸರು ಯಾರಿಗೂ ಗೊತ್ತಿಲ್ಲ. ದಾರಿ ಮಾತ್ರ ಹಾಗೆಯೇ ಇದೆ. ಇಂದಿಗೂ ಜನ ಹತ್ತುತ್ತಾರೆ, ಇಳಿಯುತ್ತಾರೆ. ಆ ಅಂಚಿನಲ್ಲಿ ಕತ್ತಲಾಗುವವರೆಗೆ ಕೂತವರಿಗೆ ಕೊಂಕಣದ ಮೇಲಿನ ಆಕಾಶದಲ್ಲಿ ಚಲಿಸುವ ಚುಕ್ಕಿಗಳು ಒಂದರ ಹಿಂದೆ ಒಂದು ಕಾಣುತ್ತವೆ. ಅವು ಯಾವ ಗಡಿಯಲ್ಲೂ ನಿಲ್ಲುವುದಿಲ್ಲ. ಅವು ಹೊತ್ತ ಮಾತು ಮಾತ್ರ ಒಂದಲ್ಲ ಒಂದು ಕಡೆ ನೆಲಕ್ಕೆ ಇಳಿಯಲೇಬೇಕು.